ಹಗೇವಿನಲ್ಲಿ ಉಪ್ಪು ಮಾರುವ ದನಿ

ಕರಾರು ಮೊದಲೇ ಹೇಳಿಬಿಡ್ತೀನಿ, ಆಮೇಲೆ ತಕರಾರು ಬೇಡ. ಒಂದು ಕತೆಗೆ ಒಂದು ದನಿ. ಕತೆ ಶುರು ಮಾಡಿದೋರು ‘ಸಾಕು’ ಅನ್ನಿಸಿಕೊಳ್ಳೋವರೆಗೂ ನಿಲ್ಲಿಸೋ ಹಾಗಿಲ್ಲ. ಅನ್ನಿಸಿಕೊಂಡರೆ ಹೋದ ದನಿ ವಾಪಸ್ಸು, ನಡುವೆ ನಿಂತರೆ ಹೇಳೋರ ದನಿಯೂ ಒಳಗೆ. ಇದು ಕತೆಯೊಳಗಿನ ಕರಾರು. ನಮ್ಮಿಬ್ಬರದು ಬೇರೆ, ನಿಂಗೆ ಗೊತ್ತಿರೋದೇ. ನಾನು ಹೇಳ್ತೀನಿ, ನೀನು ಹ್ಞೂಂ ಅಂತಿರಬೇಕು. ಹ್ಞೂಂ ನಿಂತರೆ ಮಲಗಿದೆ ಅಂತ ಲೆಕ್ಕ, ನಾನೂ ದೀಪ ಸಣ್ಣ ಮಾಡ್ತೀನಿ. ಆಯ್ತಾ? ಕಾಲು ಒಳಗೆ ಎಳಕೋ.

ಒಂದಾನೊಂದು ಕಾಲದಲ್ಲಿ, ಅಂದರೆ ಉಪ್ಪು ಇನ್ನೂ ಕತ್ತೆ ಮೇಲೆ ಊರಿಗೆ ಬರ್ತಿದ್ದ ಕಾಲದಲ್ಲಿ, ಓಬಯ್ಯ ಅಂತ ಒಬ್ಬ ಉಪ್ಪಿನ ವ್ಯಾಪಾರಿ ಇದ್ದನಂತೆ. ಅವನಿಗೆ ಮೂರು ಮಕ್ಕಳು. ದೊಡ್ಡೋನು ಪಾಲಯ್ಯ, ನಡುವಿನೋನು ಸೂರಯ್ಯ, ಕಡೇದು ಹೆಣ್ಣು. ಇನ್ನು ಸಾಕಪ್ಪ ಅಂತ ಅದಕ್ಕೆ ಸಾಕವ್ವ ಅಂತಲೇ ಹೆಸರಿಟ್ಟು, ಸಾಕು, ಸಾಕು ಅಂತ ಕರೀತಿದ್ದರಂತೆ. ಓಬಯ್ಯನ ಬಂಡವಾಳ ಉಪ್ಪಲ್ಲ ಮಗಾ, ದನಿ. ಉಪ್ಪು ಯಾರ ಹತ್ರ ಇರಲ್ಲ? ಅವನು ಊರಬಾಗಿಲಲ್ಲಿ ನಿಂತು ಉಪ್ಪೋ ಉಪ್ಪು ಅಂತ ಕೂಗಿದರೆ ಹಿತ್ತಲಲ್ಲಿ ಪಾತ್ರೆ ಬೆಳಗೋ ಹೆಂಗಸೂ ಕೈ ತೊಳಕೊಂಡು ಮೊರ ಹಿಡಕೊಂಡು ಬರ್ತಿದ್ದಳಂತೆ.

ಒಂದು ದಿನ ಮಟಮಟ ಮಧ್ಯಾಹ್ನ ಹಾಳೂರಿನ ಮೇಲೆ ಬರ್ತಿದ್ದಾನೆ. ಜನ ಬಿಟ್ಟುಹೋದ ಊರು, ಗೋಡೆ ಇದೆ, ಸೂರಿಲ್ಲ. ಅಲ್ಲೊಂದು ಹುಣಸೇಮರ, ಮರದ ಬುಡದಲ್ಲಿ ಒಂದು ಹಗೇವು. ಹಗೇವು ಅಂದರೆ ರಾಗಿ ತುಂಬಿಡೋಕೆ ನೆಲದೊಳಗೆ ತೋಡೋ ಗುಂಡಿ, ಬಾಯಿ ಸಣ್ಣ, ಹೊಟ್ಟೆ ದೊಡ್ಡದು, ಮೇಲೊಂದು ಚಪ್ಪಡಿ. ಈ ಹಗೇವಿನ ಚಪ್ಪಡಿ ಮಾತ್ರ ಪಕ್ಕಕ್ಕೆ ಸರಿದಿತ್ತಂತೆ. ಓಬಯ್ಯ ನೆರಳಿಗೆ ಕೂತ. ಸೂರ್ಯ ನೆತ್ತಿಗೆ ಬಂದು ನೇರ ಗುಂಡಿಯೊಳಗೆ ಇಣುಕಿದಾಗ ಒಳಗಿನಿಂದ ತಣ್ಣನೆ ಗಾಳಿ ಬಂತಂತೆ, ಗಾಳಿ ಜೊತೆ ಮಾತೂ ಬಂತಂತೆ. ಒಂದು ಕತೆ ಹೇಳು, ನಾನು ಸಾಕು ಅನ್ನೋವರೆಗೂ ಹೇಳು, ಹುಣಸೆ ಎಲೆ ಉದುರಿ ನೆಲ ಮುಟ್ಟೋಷ್ಟು ಹೊತ್ತು ಸುಮ್ಮನಾದರೆ ನಿನ್ನ ದನಿ ನಂದು.

ಓಬಯ್ಯ ಹೆದರಿದರೂ ಶುರು ಮಾಡಿದ. ಚೆನ್ನಾಗೇ ಹೇಳ್ತಿದ್ದ. ಅಷ್ಟರಲ್ಲಿ ಆ ಕಡೆಯಿಂದ ಒಬ್ಬ ಕುರುಬ ಬಂದು, ಕುರಿಗೆ ನೆಕ್ಕಿಸೋಕೆ ಬೇಕಾಗೈತೆ, ಉಪ್ಪು ಹೆಂಗೆ ಕೊಟ್ಟೆ ಓಬಣ್ಣ ಅಂದ. ಗಿರಾಕಿ ಕಂಡರೆ ಕತೆ ಯಾರಿಗೆ ಬೇಕು. ಮಾತು ನಿಲ್ಲಿಸಿ, ಸೇರು ಎತ್ತಿಕೊಂಡು, ಬೆಲೆ ಹೇಳೋಕೆ ಬಾಯಿ ತೆಗೆದರೆ ಬಾಯಿ ಮಾತ್ರ ತೆಗೀತು. ಎಲೆ ಉದುರಿಯಾಗಿತ್ತು.

ಹ್ಞೂಂ ಅನ್ನು. ಹಾಂ, ಹಾಗೆ.

ಆಮೇಲೆ ಮನೇಲಿ ಮಂತ್ರ ಹಾಕಿಸಿದರು, ಕಷಾಯ ಕುಡಿಸಿದರು, ಏನೂ ಆಗಲಿಲ್ಲವಂತೆ. ಕೂಗೋಕೆ ಬಾರದೋನ ಉಪ್ಪು ಚೀಲದಲ್ಲೇ ನೀರೊಡೀತು. ಆಗ ಆ ಕುರುಬನೇ ಹುಡುಕಿಕೊಂಡು ಬಂದನಂತೆ. ಜಗಲಿ ಮೇಲೆ ಕೂತು, ನೀರು ಕುಡಿದು, ತಗ್ಗಿದ ದನೀಲಿ ಹೇಳಿದ:

“ನಿಮ್ಮಪ್ಪನ ದನಿ ಎಲ್ಲೂ ಹೋಗಿಲ್ಲ ಕಣ್ರಪ್ಪ. ಹಾಳೂರಿನ ಹಗೇವಿನಾಗೆ ಉಪ್ಪು ಮಾರ್ತಾ ಕುಂತೈತೆ. ನಾನೇ ಕೇಳೀನಿ.”

ಆ ಹಗೇವಿನ ಬಾಯಿಂದ ತಾನು ಕಿವಿಯಾರೆ ಕೇಳಿದ ಕರಾರನ್ನೂ ಹೇಳಿದ. ಹಿಂದೊಂದು ಕಾಲದಲ್ಲಿ ಒಬ್ಬ ರಾಗಿ ತೆಗೆಯೋಕೆ ಆ ಗುಂಡಿಗೆ ಇಳಿದಿದ್ದನಂತೆ. ಮೇಲೆ ಹಗ್ಗ ಹಿಡಿದೋನು, ಒಳಗಿರೋನಿಗೆ ಭಯ ಆಗದಿರಲಿ ಅಂತ ಕತೆ ಹೇಳ್ತಿದ್ದನಂತೆ. ಕತೆ ಅರ್ಧಕ್ಕೆ ಬಂದಾಗ ಏನು ಕಂಡನೋ, ಹಗ್ಗಾನೂ ಬಿಟ್ಟ, ಕತೇನೂ ಬಿಟ್ಟ, ಓಡಿಹೋದ. ಒಳಗಿದ್ದೋನು ಮಿಕ್ಕ ಅರ್ಧಕ್ಕೆ ಇನ್ನೂ ಕಾಯ್ತಿದ್ದಾನಂತೆ.

ಪಾಲಯ್ಯ ಮೊದಲು ಹೊರಟ. ಇವನಿಗೊಂದು ನಂಬಿಕೆ, ಕತೆ ಕಟ್ಟೋದು ನಾವಲ್ಲ, ದೇವಿ ಬಂದು ನಾಲಗೆ ಮೇಲೆ ಬರೀಬೇಕು, ಅಲ್ಲೀವರೆಗೂ ಬಾಯಿ ತೆಗೆದರೆ ಅಪಚಾರ ಅಂತ. ಮಿಂದು ಮಡಿಯುಟ್ಟು, ಉಪವಾಸ ಇದ್ದು, ಹಗೇವಿನ ಮುಂದೆ ಕಣ್ಣು ಮುಚ್ಚಿ ಕೂತನಂತೆ. ಒಳಗಿನಿಂದ ಅಪ್ಪನ ದನಿ ಉಪ್ಪೋ ಉಪ್ಪು ಅಂತಿದೆ, ಇವನ ಮೈಯೆಲ್ಲ ಮುಳ್ಳು. ಹೇಳ್ತೀನಿ ಅಂತ ಒಪ್ಪಿಕೊಂಡ, ದೇವಿ ಬರಲಿ ಅಂತ ಕಾದ. ಎಲೆ ಬಂತು. ಇವನ ಮೂಗಿನ ಮೇಲೆ ಒಂದು ಗಳಿಗೆ ಕೂತು, ಜಾರಿ ನೆಲಕ್ಕೆ ಬಿತ್ತಂತೆ. ಗಿರಾಕಿ ಬರಲಿ, ಆಮೇಲೆ ಅಂಗಡಿ ತೆಗೀತೀನಿ ಅಂದರೆ ಯಾವ ಗಿರಾಕಿ ಬರ್ತಾನೆ, ನೀನೇ ಹೇಳು.

ಆಮೇಲೆ ಸೂರಯ್ಯ. ಅಣ್ಣ ಪೆದ್ದ, ಸುಮ್ಮನೆ ಕೂತ, ನಾನು ಹಾಗಲ್ಲ ಅಂದ. ಇವನ ನಂಬಿಕೆ ಬೇರೆ, ಕತೆ ಅಂದರೆ ದೊಡ್ಡದಾಗಿರಬೇಕು, ಯಾರೂ ಹೇಳಿರಬಾರದು, ಮೊದಲ ಮಾತಿಗೇ ಕೇಳೋನು ಭೇಷ್ ಅನ್ನಬೇಕು. ಕೂತ, ಶುರು ಮಾಡಿದ. ಒಬ್ಬ ರಾಜ ಇದ್ದ. ಗುಂಡಿ ಕಡೆ ನೋಡಿದ, ಹ್ಞೂಂ ಇಲ್ಲ, ಉಹುಂ ಇಲ್ಲ. ರಾಜ ಸಾಲದೇನೋ ಅಂತ, ಅಲ್ಲಲ್ಲ, ಒಬ್ಬ ಚಕ್ರವರ್ತಿ ಇದ್ದ ಅಂದ. ಮತ್ತೆ ನೋಡಿದ, ಹ್ಞೂಂ ಇಲ್ಲ. ಇದ್ದ ಅನ್ನೋದು ಸಪ್ಪೆ ಆಯ್ತು ಅಂತ, ಚಕ್ರವರ್ತಿ ವಿರಾಜಮಾನನಾಗಿದ್ದ ಅಂದ. ಬಿಸಿಲಲ್ಲಿ ಬೆವರು ಇಳೀತಿದೆ, ಚಕ್ರವರ್ತಿ ಸಿಂಹಾಸನದಿಂದ ಎದ್ದಿಲ್ಲ. ಅದಕ್ಕಿಂತ ಒಳ್ಳೆ ಪದ ಯಾವುದು, ಯಾವುದು ಅಂತ ಆಕಾಶ ನೋಡಿದ. ಎಲೆ ಬಂತು. ತಕ್ಕಡಿ ಸರಿ ಮಾಡ್ತಾನೇ ಕೂತ, ಉಪ್ಪು ಮಾತ್ರ ಹಾಕಲಿಲ್ಲ. ಒಳಗೆ ಈಗ ಮೂರು ದನಿ, ಒಂದು ಉಪ್ಪು ಮಾರ್ತಿದೆ, ಒಂದು ಹೇಳ್ತೀನಿ ಹೇಳ್ತೀನಿ ಅಂತಿದೆ, ಒಂದು ವಿರಾಜಮಾನ ವಿರಾಜಮಾನ ಅಂತಿದೆ.

ಹ್ಞೂಂ ಸಣ್ಣಗಾಯ್ತಲ್ಲ. ನಿದ್ದೆ ಬಂತಾ? ಇಲ್ಲವಾ? ಸರಿ.

ಮೂವರು ಮೂಗರಿರೋ ಮನೇಲಿ ಮಾತಿಗೆ ಉಳಿದೋಳು ಸಾಕವ್ವ ಒಬ್ಬಳೇ. ಊರಿನೋರು ಅಂದರಂತೆ, ನೀನೇನು ಕಂಡಿದೀಯ ಕತೆ ಹೇಳೋಕೆ, ಓದಿಲ್ಲ ಬರೆದಿಲ್ಲ, ಗಂಡನ ಕಾಟ ಗೊತ್ತಿಲ್ಲ, ಅತ್ತೆ ಕಾಟ ಗೊತ್ತಿಲ್ಲ, ಕಷ್ಟ ಪಡದೋಳ ಬಾಯಲ್ಲಿ ಕತೆ ಹುಟ್ಟುತ್ತಾ? ಇವಳೂ ಹೌದು ಅಂದಳಂತೆ. ಆದರೆ ಉಪ್ಪು ಮಾರಬೇಕಿತ್ತಲ್ಲ, ಹಾಳೂರಿನ ಮೇಲೇ ದಾರಿ. ಬೂದಿ ಅಂತ ಅವಳ ಕತ್ತೆ, ಅದರ ಮೇಲೆ ಚೀಲ ಹೇರಿಕೊಂಡು ಹೊರಟಳು. ಚಿಕ್ಕಂದಿನಿಂದ ಉದ್ದುದ್ದ ದಾರೀಲಿ ಬೇಜಾರು ಕಳಿಯೋಕೆ ಆ ಕತ್ತೆಗೆ ಏನೇನೋ ಹೇಳ್ತಾ ನಡೀತಿದ್ದಳಂತೆ. ಕತ್ತೆ ಹ್ಞೂಂ ಅನ್ನುತ್ತಾ? ಇಷ್ಟವಾದರೆ ಒಂದು ಕಿವಿ ಆಡಿಸೋದು, ಆಗದಿದ್ದರೆ ಅದೂ ಇಲ್ಲ. ಹಾಗಾಗಿ ಹ್ಞೂಂ ಸಿಗದಿದ್ದರೆ ಮಾತು ನಿಲ್ಲಿಸಬೇಕು ಅನ್ನೋ ಅಭ್ಯಾಸವೇ ಅವಳಿಗಿರಲಿಲ್ಲ.

ಮಧ್ಯಾಹ್ನ ಆಯ್ತು. ಹಕ್ಕಿ ಇಲ್ಲ, ಇರುವೆ ಇಲ್ಲ. ಒಳಗಿನ ದನಿ ಗುಂಡಿ ಬಾಯಿಗೆ ಬಂದು, ಕತೆ ಹೇಳು ಅಂತು. ಸಾಕವ್ವನಿಗೆ ಒಂದೂ ತೋಚಲಿಲ್ಲ. ಕಣ್ಣೆದುರಿಗೆ ಇದ್ದದ್ದು ಬೂದಿ, ಅದರ ಹೊಟ್ಟೆ ಕೆಳಗೆ ಸುರುಟಿಕೊಂಡಿದ್ದ ನೆರಳು. ಅದನ್ನೇ ಹಿಡಕೊಂಡಳು.

ಒಂದು ಕತ್ತೆ ಇತ್ತು, ಹುಣಸೇಮರಕ್ಕೆ ಕಟ್ಟಿಹಾಕಿದ್ದರು, ಅದಕ್ಕೆ ತನ್ನ ನೆರಳಿನ ಮೇಲೆ ಸಿಟ್ಟು ಬಂತು, ನಾನು ಉಪ್ಪು ಹೊರೋದು, ನೀನು ನನ್ನ ಹೊಟ್ಟೆ ಕೆಳಗೆ ತಂಪಾಗಿ ಮಲಗೋದು, ಇದ್ಯಾವ ನ್ಯಾಯ ಅಂತು. ಮುಂದೆ? ಗೊತ್ತಿಲ್ಲ. ಎಲೆ ಒಂದು ಕಳಚಿಕೊಂಡಿತು. ಸಾಕವ್ವ ತಾನೇ ಹ್ಞೂಂ ಅಂದಳು, ತಾನೇ ಆಮೇಲೆ ಅಂದಳು. ಆಮೇಲೆ ಅಂದಮೇಲೆ ಕಾಲು ಮುಂದಿಡಲೇಬೇಕಲ್ಲ, ದಾರೀಲಿ ಮುಂದಿನ ತಿರುವು ತಾನೇ ಕಾಣೋದು, ಊರು ಎಲ್ಲಿ ಕಾಣುತ್ತೆ. ಆಮೇಲೆ ನೆರಳು ಜಗಳ ಆಡಿಕೊಂಡು ಹೊರಟುಹೋಯ್ತು, ಕತ್ತೆ ಅದನ್ನ ಹುಡುಕಿಕೊಂಡು ನಡೀತು. ಅಯ್ಯೋ, ಮರಕ್ಕೆ ಕಟ್ಟಿಹಾಕಿದ್ದರು ಅಂದಿದ್ದೆನಲ್ಲ. ಅಣ್ಣನಾಗಿದ್ದರೆ ಅಳಿಸಿ ಮತ್ತೆ ಶುರು ಮಾಡ್ತಿದ್ದ. ಇವಳು, ಆಮೇಲೆ ಮರಾನೂ ಕತ್ತೆ ಹಿಂದೆ ಬೇರು ಎತ್ತಿಕೊಂಡು ನಡೀತು ಅಂದಳಂತೆ. ಅಂದು ತಾನೇ ನಕ್ಕಳಂತೆ. ತಲೆ ಮೇಲಿನ ಹುಣಸೇಮರ ಗಾಳಿಯಿಲ್ಲದೆ ಒಂದು ಸಲ ಜುಮ್ಮೆಂದಿತಂತೆ.

ಆಗ ಅವಳಿಗೆ ಅಪ್ಪ ಮರೆತುಹೋದ, ಭಯ ಮರೆತುಹೋಯ್ತು, ಆ ನೆರಳು ಎಲ್ಲಿ ಹೋಯ್ತು ಅನ್ನೋದೊಂದೇ ಉಳೀತು. ಆಮೇಲೆ ನೆರಳಿಗೆ ಬಿಸಿಲು ತಡೀಲಿಲ್ಲ, ತಂಪು ಹುಡುಕ್ತಾ ಒಂದು ಗುಂಡಿಗೆ ಇಳೀತು, ಗುಂಡಿ ತಳದಲ್ಲಿ ಒಬ್ಬ ಕೂತಿದ್ದ, ಕೈಯಲ್ಲಿ ತುಂಡು ಹಗ್ಗ.

ಹೇಳೋವರೆಗೂ ಅವಳಿಗೂ ಗೊತ್ತಿರಲಿಲ್ಲವಂತೆ ಅಲ್ಲೊಬ್ಬ ಕೂತಿದ್ದಾನೆ ಅಂತ. ಒಳಗೆ ಉಪ್ಪು ಮಾರ್ತಿದ್ದ ದನಿ ಥಟ್ಟನೆ ನಿಂತಿತು. ಎಲ್ಲ ದನಿಗಳೂ ನಿಂತವು. ಕತ್ತಲೊಳಗಿಂದ, ಇಷ್ಟು ವರ್ಷಕ್ಕೆ ಮೊದಲ ಸಲ, ಯಾರೋ ಗಂಟಲು ಒಣಗಿದೋರು ಕೇಳಿದರಂತೆ,

“ಆಮೇಲೆ?”

ಆಮೇಲೆ ನೆರಳು ಅವನಿಗೆ ಅಂತು, ಅಣ್ಣಾ, ನನ್ನ ಬಾಲ ಹಿಡಕೋ. ಈಗ ನಾನು ಗೇಣುದ್ದ ಇದ್ದೀನಿ, ಹೊತ್ತು ಇಳಿದಂಗೆಲ್ಲ ಬೆಳೀತೀನಿ, ಸಂಜೆಗೆ ಯಾವ ಹಗ್ಗಕ್ಕಿಂತಲೂ ಉದ್ದ ಆಗ್ತೀನಿ. ಅವನು ಹಿಡಕೊಂಡ. ನೆರಳು ಮೊಳದುದ್ದ ಆಯ್ತು, ಮಾರುದ್ದ ಆಯ್ತು, ಗೋಡೆ ಹತ್ತಿತು.

“ಸಾಕು,” ಅಂತು ಹಗೇವು. ಒಳಗಿರೋನು ಕೈತಪ್ಪಿ ಹೋಗ್ತಾನೆ ಅಂತ ಅದಕ್ಕೆ ಹೆದರಿಕೆಯಂತೆ.

ಸಾಕವ್ವ ತನ್ನನ್ನೇ ಕರೀತು ಅಂದುಕೊಂಡು, ಏನು ಅಂದಳಂತೆ. ಸಾಕು, ನಿಮ್ಮಪ್ಪನ ದನಿ ತಗೊಂಡು ಹೋಗು ಅಂತು. ವ್ಯಾಪಾರ ಮುಗೀತು ಮಗಾ. ಬೇರೆ ಯಾರಾದರೂ ಆಗಿದ್ದರೆ ಎದ್ದು ಓಡ್ತಿದ್ದರು, ಅವತ್ತು ಹಗ್ಗ ಹಿಡಿದಿದ್ದೋನು ಓಡಿದ ಹಾಗೆ. ಇವಳು ಕೂತಲ್ಲಿಂದ ಏಳಲಿಲ್ಲ.

“ನಿಂಗೆ ಸಾಕಾಗಿರಬೌದು. ಕತ್ತೆ ಇನ್ನೂ ಮನೆ ಮುಟ್ಟಿಲ್ಲ, ನಂಗೆ ಹೆಂಗೆ ಸಾಕಾಗ್ತದೆ? ಸುಮ್ಮನೆ ಕೇಳು.”

ಆಮೇಲೆ ನೆರಳು ಗುಂಡಿ ಬಾಯಿ ದಾಟಿತು, ಅವನ ಕೈ ದಾಟಿತು, ಅವನ ತಲೆ ದಾಟಿತು. ಹೊರಗೆ ಸಂಜೆ ಆಗಿತ್ತು. ಕತ್ತೆ ನಿಂತು ಕಾಯ್ತಿತ್ತು, ಮರ ನಿಂತು ಕಾಯ್ತಿತ್ತು. ಕತ್ತೆ ಕೇಳಿತು, ಎಲ್ಲೋಗಿದ್ದೆ? ನೆರಳು ಅಂತು, ನಿಂಗೊಬ್ಬ ಜೊತೆಗಾರನ್ನ ತರೋಕೆ. ಆಮೇಲೆ ಎಲ್ಲರೂ ಉಪ್ಪು ಹಂಚಿಕೊಂಡು ಹೊತ್ತು ಮನೆಗೆ ಹೋದರು, ರೊಟ್ಟಿ ತಿಂದರು, ಮಲಗಿದರು.

ಸಾಕವ್ವ ತಲೆ ಎತ್ತಿ ನೋಡಿದರೆ ನಿಜವಾಗಲೂ ಸಂಜೆ. ಬೂದಿಯ ನೆರಳು ಉದ್ದಕ್ಕೆ ಹೋಗಿ ಹಗೇವಿನ ಬಾಯೊಳಗೆ ಇಳಿದಿತ್ತಂತೆ. ಅದು ಬಿಗಿಯಾಗಿತ್ತಂತೆ, ಬಾವಿ ಹಗ್ಗ ತುಂಬಿದ ಕೊಡ ಎಳೆಯೋವಾಗ ಇರುತ್ತಲ್ಲ, ಹಾಗೆ. ಬೂದಿ ನಾಲ್ಕೂ ಕಾಲು ಊರಿ ನಿಂತಿತು. ಆಮೇಲೆ ನೆರಳು ಸಡಿಲ ಆಯ್ತು. ಯಾರೂ ಕಾಣಲಿಲ್ಲ. ಗುಂಡಿಯೊಳಗಿಂದ ತೂರಿದ ರಾಗಿ ಹೊಟ್ಟಿನ ಹಾಗೆ ದನಿಗಳು ಎದ್ದವು, ಅಪ್ಪಂದು, ಅಣ್ಣಂದಿರದು, ಯಾವ್ಯಾವುದೋ ಊರಿನ ಗಂಡಸಿಂದು, ಹೆಂಗಸಿಂದು, ಒಂದು ಜೋಗುಳ ಹಾಡ್ತಾ ಹೋಯ್ತು, ಒಂದು ಬೈತಾ ಹೋಯ್ತು, ತಂತಮ್ಮ ಮನೆ ದಿಕ್ಕಿಗೆ.

ಇವಳು ಮನೆ ಮುಟ್ಟೋ ಹೊತ್ತಿಗೆ ಮೂವರೂ ಒಟ್ಟಿಗೆ ಮಾತಾಡ್ತಾ, ಒಬ್ಬರ ಮಾತು ಒಬ್ಬರಿಗೆ ಕೇಳದೆ ಜಗಳಕ್ಕೆ ಬಿದ್ದಿದ್ದರಂತೆ. ಆಮೇಲೆ ಓಬಯ್ಯ ಮತ್ತೆ ಉಪ್ಪು ಕೂಗಿದ. ಸೂರಯ್ಯನ ಚಕ್ರವರ್ತಿ ಸಿಂಹಾಸನ ಇಳಿದು ಬಯಲಿಗೆ ಹೋಗಿ ಬಂದ, ಅಲ್ಲಿಂದ ಅವನ ಕತೆ ನಡೀತು. ಪಾಲಯ್ಯ ದೇವಿಗೆ ಕಾಯೋದು ಬಿಟ್ಟ. ಅವಳು ಬರೋದಾದರೆ ನಡುದಾರೀಲಿ ಬಂದು ಕತ್ತೆ ಹತ್ತಿಕೊಳ್ತಾಳೆ, ಮನೆ ಬಾಗಿಲಿಗೆ ಬರಲ್ಲ ಅಂತ ಸಾಕವ್ವ ಹೇಳಿಕೊಟ್ಟಳಂತೆ.

ಒಂದು ದನಿ ಮಾತ್ರ ಯಾವ ಮನೆಗೂ ಹೋಗಲಿಲ್ಲ. ಪೂರ್ತಿ ದನಿಯೂ ಅಲ್ಲ, ಬರೀ ಒಂದು ಹ್ಞೂಂ. ಅವತ್ತು ಮೇಲಿದ್ದೋನು ಹಗ್ಗ ಬಿಡೋ ಮುಂಚೆ ಒಳಗಿದ್ದೋನು ಕಡೇದಾಗಿ ಅಂದದ್ದು. ಅದು ಸಾಕವ್ವನ ಹಿಂದೆ ಬಂತು. ಎಲ್ಲಿ ಕತೆ ನಡೀತಿರುತ್ತೋ, ಕೇಳೋ ಮಗು ಎಲ್ಲಿ ನಡುವೆ ಮಲಗಿಬಿಡುತ್ತೋ, ಅಲ್ಲಿ ಬಂದು ಕೂತು ಹ್ಞೂಂ ಅನ್ನುತ್ತಂತೆ.

ಮಗಾ. ಏ ಮಗಾ. ಬಾಯಿ ತೆರಕೊಂಡು ಮಲಗಿದೀಯಲ್ಲ. ಎಷ್ಟೊತ್ತಾಯ್ತು ನೀನು ಮಲಗಿ? ಅಂಗೈ ಬೆಚ್ಚಗಾಗಿದೆ, ಆಗಲೇ ಮಲಗಿರಬೇಕು. ಹ್ಞೂಂ ಮಾತ್ರ ಈಗಲೂ ಬರ್ತಿತ್ತು, ಕಿಟಕಿ ಕಡೆಯಿಂದ.

ಇರಲಿ, ಕೇಳೋರು ಯಾರಾದರೇನು, ಹೇಳಿದ್ದಂತೂ ನಂಗೆ ದಕ್ಕಿತು. ಕತೆ ಮುಗೀತು, ಚೀಲದ ಬಾಯಿ ಕಟ್ಟಿದೆ. ಲೆಕ್ಕ ಕೇಳಿಕೊಂಡು ನೀನೂ ಮಲಗು ಕಿಟಕಿಯಪ್ಪಾ. ಹೋದದ್ದು, ಒಂದು ಮಧ್ಯಾಹ್ನ. ಬಂದದ್ದು, ಅಪ್ಪನ ದನಿ, ಅಣ್ಣಂದಿರ ದನಿ, ಗುರುತಿಲ್ಲದೋರ ದನಿ ಒಂದು ಹಗೇವು ತುಂಬ, ಸಾಕವ್ವನ ನಗು. ಮೇಲೊಂದು ಕೊಸರು, ಹ್ಞೂಂ.