ದೊಡ್ಡಜ್ಜನ ಉತ್ತರಕ್ಕೊಂದು ಪ್ರೊಸೆಸರ್

ವರದಾ ನದಿಯ ದಂಡೆಯ ಆಶ್ರಮದಲ್ಲಿ ಒಂದು ಕಂಪ್ಯೂಟರಿತ್ತು. ಭಕ್ತರೊಬ್ಬರು ತಾವು ಹೊಸದು ಕೊಂಡಾಗ ಹಳೆಯದನ್ನು ತಂದು ಅಲ್ಲಿನ ಅಜ್ಜನ ಪಾದಕ್ಕೆ ಒಪ್ಪಿಸಿ ಪುಣ್ಯ ಕಟ್ಟಿಕೊಂಡಿದ್ದರು.

ಪ್ರತಿ ಮಹಾನವಮಿಗೆ ಅದರ ಡಬ್ಬಿಗೆ ವಿಭೂತಿಯ ಮೂರು ಗೆರೆ ಬೀಳುತ್ತಿದ್ದವು. ಗೆರೆಯ ಮೇಲೆ ಗೆರೆ ಬಿದ್ದು ಅದಕ್ಕೂ ಸನ್ಯಾಸಿಯ ಕಳೆ ಬಂದಿತ್ತು. ಕೆಲಸದಲ್ಲೂ ಅದು ಸನ್ಯಾಸಿಯೇ. ಯಾವುದಕ್ಕೂ ಅವಸರವಿಲ್ಲ.

ಅದನ್ನು ನೋಡಿಕೊಳ್ಳುತ್ತಿದ್ದವನು ಶಿಷ್ಯ ಮಾಲತೇಶ. ಅವನ ಗುರು ಗುರುಪಾದಜ್ಜ. ಆಶ್ರಮದವರ ಬಾಯಲ್ಲಿ ಬರೀ ಅಜ್ಜಾರು.

ಒಂದು ಬೆಳಿಗ್ಗೆ ಅಜ್ಜ ನದಿಯ ಮೆಟ್ಟಿಲ ಮೇಲೆ ಕೂತಿದ್ದಾಗ ಮಾಲತೇಶ ಓಡುತ್ತ ಬಂದ.

“ಅಜ್ಜಾರ, ಕಂಪ್ಯೂಟರಿಗೆ ಹೊಸಾ ಪ್ರೊಸೆಸರ್ ಹಾಕಬೇಕ್ರಿ.”

“ಅಂದ್ರ?”

“ಅದರ ಮಿದುಳು ಇದ್ದಂಗ್ರಿ. ಭಾಳ ಮುದಿ ಆಗೇತಿ.”

“ನಂದೂ ಆಗೇತಿ. ನನಗೂ ಒಂದು ತಗೊಂಬಾ.”

ಅಜ್ಜನ ಮಾತಿಗೆ ನಗುವಷ್ಟು ವ್ಯವಧಾನ ಮಾಲತೇಶನಿಗೆ ಅಂದು ಇರಲಿಲ್ಲ. ಅವನ ಅವಸರಕ್ಕೆ ಕಾರಣವಿತ್ತು.

ಅಜ್ಜನಿಗೂ ಒಬ್ಬ ಗುರುವಿದ್ದರು. ಅವರನ್ನು ಎಲ್ಲರೂ ದೊಡ್ಡಜ್ಜ ಎನ್ನುತ್ತಿದ್ದರು. ಅವರ ದನಿ ಇರುವ ಟೇಪು ಆಶ್ರಮದಲ್ಲಿ ಒಂದೇ ಒಂದು. ಅದರಲ್ಲಿ ಹುಡುಗ ಗುರುಪಾದ ಒಂದು ಪ್ರಶ್ನೆ ಕೇಳುತ್ತಾನೆ.

“ಅಜ್ಜಾರ, ಮನಸ್ಸು ನಿಲ್ಲಬೇಕಾದ್ರ ಏನ್ ಮಾಡ್ಬೇಕ್ರಿ?”

ಹುಡುಗ ಮೈಕಿಗೆ ಅಂಟಿಕೊಂಡೇ ಕೂತಿದ್ದರಿಂದ ಪ್ರಶ್ನೆ ಚೆನ್ನಾಗಿ ಕೇಳುತ್ತದೆ. ದೊಡ್ಡಜ್ಜ ಏನೋ ಉತ್ತರ ಹೇಳುತ್ತಾರೆ. ಆದರೆ ಅದು ಗೊಂಯ್ ಎನ್ನುವ ಸದ್ದಿನಲ್ಲಿ ಮುಳುಗಿಹೋಗಿದೆ. ಆ ಸದ್ದು ಒಮ್ಮೆ ಹತ್ತಿರ ಬರುತ್ತದೆ, ಒಮ್ಮೆ ದೂರ ಹೋಗುತ್ತದೆ. ಅದು ಅಂದು ತುಂಬಿ ಹರಿದ ವರದೆಯ ಸದ್ದೆಂದು ಆಶ್ರಮದವರು ನಂಬಿದ್ದರು. ಕೇಳಿ ಕೈಮುಗಿಯುವವರೂ ಇದ್ದರು.

ಮಾಲತೇಶ ಒಮ್ಮೆ ಕೇಳಿದ್ದ. “ಅವತ್ತು ನೀವ ಎದುರಿಗೆ ಇದ್ರಲ್ರಿ. ಉತ್ತರ ಕೇಳಿಸ್ಲಿಲ್ಲೇನ್ರಿ?”

“ಹೊಸಾ ಟೇಪ್ ರೆಕಾರ್ಡರೋ ತಮ್ಮಾ. ರೀಲು ತಿರುಗೂದನ್ನ ನೋಡ್ಕೊಂತ ಕುಂತಿದ್ದೆ. ಹೆಂಗೂ ಟೇಪಿನ್ಯಾಗ ಇರ್ತೈತಿ, ಆಮ್ಯಾಲ ಕೇಳಿದ್ರಾತು ಅಂದ್ಕೊಂಡೆ.”

“ಆಮ್ಯಾಲ?”

“ಆಮ್ಯಾಲ ದೊಡ್ಡಜ್ಜಾರು ಲಿಂಗೈಕ್ಯ ಆದ್ರು.”

ಅಷ್ಟು ಹೇಳಿ ಅಜ್ಜ ಬಹಳ ಹೊತ್ತು ನದಿಯನ್ನೇ ನೋಡಿದ್ದರು. ಆ ನೋಟ ಮಾಲತೇಶನ ಎದೆಗೆ ನಾಟಿತ್ತು. ದೊಡ್ಡಜ್ಜನ ಪುಣ್ಯಾರಾಧನೆಯ ದಿನ ಆ ಉತ್ತರವನ್ನು ಗುರುವಿನ ಕಿವಿಗೆ ಮುಟ್ಟಿಸಿಯೇ ತೀರುತ್ತೇನೆಂದು ಅವನು ಪಟ್ಟು ಹಿಡಿದಿದ್ದ.

ಟೇಪಿನಲ್ಲಿದ್ದುದನ್ನು ಕಂಪ್ಯೂಟರಿಗೆ ಇಳಿಸಿ ಆಗಿತ್ತು. ಗದ್ದಲ ಸೋಸಿ ದನಿಯನ್ನಷ್ಟೇ ಉಳಿಸುವ ಒಂದು ಪ್ರೋಗ್ರಾಮೂ ಸಿಕ್ಕಿತ್ತು. ಆದರೆ ಬೆಳಿಗ್ಗೆ ಶುರು ಮಾಡಿದರೆ ಅದು ಮುಗಿಯುವುದಕ್ಕೆ ಸಂಜೆಯಾಗಬೇಕು. ಕರೆಂಟೋ, ದಿನಾ ಮಧ್ಯಾಹ್ನದ ಊಟದ ಹೊತ್ತಿಗೆ ಕೈಕೊಡುತ್ತಿತ್ತು. ಕರೆಂಟು ಹೋಯಿತೆಂದರೆ ಮತ್ತೆ ಮೊದಲಿನಿಂದ ಶುರು.

“ಕರೆಂಟ್ ಹೋಗೂದ್ರಾಗ ಮುಗಸ್ಬೇಕ್ರಿ. ಅದಕ್ಕ ಜೋರಿಂದು ಬೇಕು,” ಎಂದ ಮಾಲತೇಶ.

“ಹಂಗಾದ್ರ ಜೋರಿಂದ ತಗೊಂಬಾ,” ಎಂದರು ಅಜ್ಜ.

ತರುವುದು ಸುಲಭ. ಯಾವುದನ್ನು ತರಬೇಕೆಂದು ಗೊತ್ತು ಮಾಡುವುದೇ ದೊಡ್ಡ ತಪಸ್ಸಾಯಿತು.

ಮಾಲತೇಶ ಮೊದಲು ಆರು ಕೋರಿನದು ಎಂದ. ಮರುದಿನ ಎಂಟು ಕೋರಿನದು ಕಣ್ಣಿಗೆ ಬಿತ್ತು. ಅದರ ಮರುದಿನ ಅದಕ್ಕೂ ಅಪ್ಪನಂಥದ್ದು ಬಂತು. ಉಣ್ಣುವಾಗ ಮೊಬೈಲು, ಹಾಲು ಕರೆಯುವಾಗ ಮೊಬೈಲು. ಒಂದು ದಿನ ಅದೇ ಗುಂಗಿನಲ್ಲಿ ಕರುವನ್ನು ಕಟ್ಟಲು ಮರೆತ. ಕರು ಹೊಟ್ಟೆ ತುಂಬ ಹಾಲು ಕುಡಿಯಿತು, ಆಶ್ರಮ ಕರಿ ಚಹಾ ಕುಡಿಯಿತು.

“ಅಜ್ಜಾರ, ಗೊತ್ತಾತ್ರಿ. ಹನ್ನೆರಡು ಕೋರು. ಇನ್ನ ಬದಲಿ ಮಾಡಂಗಿಲ್ಲ.”

“ಕೋರು ಅಂದ್ರೇನೋ?”

“ಒಳಗ ಕುಂತು ಕೆಲಸ ಮಾಡೋ ಮಂದಿ ಇದ್ದಂಗ್ರಿ. ಹನ್ನೆರಡು ಮಂದಿ.”

“ಈಗ ಎಷ್ಟು ಮಂದಿ ಅದಾರ?”

“ನಾಲ್ಕ ಮಂದಿ. ಬರ್ರಿ, ತೋರಸ್ತೀನಿ.”

ಕಂಪ್ಯೂಟರಿನ ಕೋಣೆಯಲ್ಲಿ ಒಂದು ಹಳೆಯ ಕಬ್ಬಿಣದ ಟೇಬಲ್ ಫ್ಯಾನು ಗುರುಗುಟ್ಟುತ್ತ ಅತ್ತ ಇತ್ತ ಕತ್ತು ಹೊರಳಿಸುತ್ತಿತ್ತು. ಯಂತ್ರ ಕಾಯಬಾರದೆಂದು ಮಾಲತೇಶ ದೊಡ್ಡಜ್ಜನ ಕೋಣೆಯಿಂದ ಅದನ್ನು ಹೊತ್ತು ತಂದಿದ್ದ. “ದೇವರಿಗೂ ಇಷ್ಟು ಗಾಳಿ ಬೀಸಿಲ್ಲ ಬಿಡು ನೀ,” ಎಂದು ಅಡುಗೆಮನೆಯ ಫಕೀರವ್ವ ಚೇಷ್ಟೆ ಮಾಡುತ್ತಿದ್ದಳು.

ಪರದೆಯ ಮೇಲೆ ಕೋರಿಗೊಂದರಂತೆ ನಾಲ್ಕು ಚೌಕಗಳು. ಸದ್ದು ಸೋಸುವ ಕೆಲಸ ನಡೆದಿತ್ತು. ಒಂದು ಚೌಕದಲ್ಲಿ ಗೆರೆ ನೆತ್ತಿಗೆ ತಾಗಿತ್ತು. ಉಳಿದ ಮೂರರಲ್ಲಿ ಅದು ನೆಲಕ್ಕೆ ಅಂಟಿಕೊಂಡಿತ್ತು.

ಅಜ್ಜ ಬಗ್ಗಿ ನೋಡಿದರು. “ಒಬ್ಬ ದುಡಿಯಾಕತ್ತಾನ. ಮೂರು ಮಂದಿ ಮಲಗ್ಯಾರಲ್ಲೋ.”

“ಅವು ಹಳೇವು ಅದಾವಲ್ರಿ, ಅದಕ್ಕ. ಹೊಸವು ಹಂಗ ಮಲಗಂಗಿಲ್ಲ.”

ಅಜ್ಜ ಬಾಗಿಲ ಕಡೆ ಕೈ ತೋರಿಸಿದರು. “ಹೊರಗ ಹೋಗಿ ಹನ್ನೆರಡು ಮಂದೀನ ಕರಕೊಂಬಾ,” ಎಂದರು.

ಮಾಲತೇಶ ಕರೆದುಕೊಂಡು ಬಂದ. ಫಕೀರವ್ವ ಬಂದಳು, ದನ ಕಾಯುವವನು ಬಂದ, ದರ್ಶನಕ್ಕೆ ಬಂದು ಸಿಕ್ಕಿಬಿದ್ದ ಭಕ್ತರೂ ಬಂದರು.

“ಎಲ್ಲಾರೂ ಕಣಗಿಲ ಹೂ ಹರಕೊಂಬರ್ರಿ,” ಎಂದರು ಅಜ್ಜ.

ಹನ್ನೆರಡು ಜನ ಹಿತ್ತಲಿಗೆ ನುಗ್ಗಿದರು. ಕಣ್ಣುಮುಚ್ಚಿ ತೆಗೆಯುವುದರಲ್ಲಿ ಬುಟ್ಟಿ ತುಂಬಿತು.

“ನೋಡ್ರಿ ಅಜ್ಜಾರ, ಹನ್ನೆರಡು ಮಂದಿ ಇದ್ರ ಹಿಂಗಾಗ್ತೈತಿ,” ಎಂದು ಮಾಲತೇಶ ಹಿಗ್ಗಿದ.

“ಚಲೋ ಆತು. ಈಗ ಎಲ್ಲಾರೂ ಸೇರಿ ದೊಡ್ಡಜ್ಜಾರ ಗದ್ದುಗಿಗೆ ಒಂದು ಮಾಲಿ ಕಟ್ರಿ. ಒಂದ. ಲಗೂನ ಆಗಬೇಕು.”

ದೊಡ್ಡಜ್ಜನ ಗದ್ದುಗೆಯ ಮಾಲೆಗೊಂದು ಕಟ್ಟಳೆಯಿದೆ. ಅದು ಒಂದೇ ದಾರದ್ದಾಗಿರಬೇಕು, ನಡುವೆ ಗಂಟಿರಬಾರದು. ತುಂಡು ತುಂಡು ಮಾಡಿ ಕೊನೆಗೆ ಜೋಡಿಸುವ ಹಾಗಿಲ್ಲ. ಸೂಜಿಯೂ ಒಂದೇ.

ಮಾಲತೇಶ ಸೂಜಿ ಹಿಡಿದು ಕೂತ. ಅವನ ಬೆರಳಿಗೆ ಅದು ಹೊಸ ಕೆಲಸ. ಹನ್ನೆರಡೂ ಜನ ಸುತ್ತ ನಿಂತು ನೋಡಿದರು. ಒಬ್ಬ ಆಕಳಿಸಿದ. ದನ ಕಾಯುವವನು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ.

“ಏ, ಮಲಗಬ್ಯಾಡ್ರೋ. ಕೈ ಹಚ್ರಿ,” ಎಂದರು ಅಜ್ಜ.

“ಎಲ್ಲಿ ಹಚ್ಚೂದ್ರಿ? ಸೂಜಿ ಅವನ ಕೈಯಾಗ ಐತಿ,” ಎಂದ ದನ ಕಾಯುವವನು.

ಫಕೀರವ್ವನಿಗೆ ತಡೆಯಲಾಗಲಿಲ್ಲ. “ನನ್ನ ಕಡೆ ಕೊಡಪಾ ಇಲ್ಲೆ. ಒಲಿ ಮ್ಯಾಲ ಬ್ಯಾಳಿ ಇಟ್ಟೀನಿ.” ಸೂಜಿ ಅವಳ ಕೈಗೆ ಹೋಯಿತು. ಹೂವುಗಳು ಸರಸರನೆ ದಾರಕ್ಕೆ ಇಳಿದವು. ಬೇಳೆ ಉಕ್ಕುವ ಮೊದಲೇ ಅವಳು ಮಾಲೆಯನ್ನು ಅಜ್ಜನ ಕೈಗಿಟ್ಟು ಹೊರಟುಹೋದಳು.

ಮಾಲತೇಶ ಖಾಲಿ ಬುಟ್ಟಿಯನ್ನು ನೋಡಿದ. ಕೋಣೆಯೊಳಗೆ ಪರದೆಯನ್ನು ನೋಡಿದ. ಮೂರು ಚೌಕಗಳು ಇನ್ನೂ ನೆಲಕ್ಕೆ ಅಂಟಿಕೊಂಡೇ ಇದ್ದವು.

“ಅಜ್ಜಾರ.” ಅವನು ಪರದೆಯ ಕಡೆ ಬೆರಳು ತೋರಿಸಿದ. “ನಮ್ಮ ಪ್ರೋಗ್ರಾಮು ಹಂಗ ಐತ್ರಿ. ಈ ಕ್ಷಣದ ಸದ್ದು ಸೋಸಬೇಕಾದ್ರ ಹಿಂದಿನ ಕ್ಷಣದ್ದು ಮುಗದಿರಬೇಕು. ಅದು ಮಾಲಿ ಕಟ್ಟೂ ಕೆಲಸ. ನಾ ಹೂ ಹರಿಯೋರನ್ನ ಹುಡುಕಾಕತ್ತಿದ್ದೆ.”

“ಹಂಗಾದ್ರ?”

“ಹನ್ನೆರಡು ಮಂದಿ ಬ್ಯಾಡ್ರಿ. ಕೈ ಚುರುಕಿರೋ ಒಬ್ಬಾವ ಸಾಕು.”

ಹೇಳಿದ್ದೇ ತಡ, ಕುಣಿಯುತ್ತ ಹೋಗಿ ಮತ್ತೆ ಮೊಬೈಲು ಹಿಡಿದ. ಈಗ ಎಷ್ಟು ಕೋರು ಎಂದು ನೋಡಲಿಲ್ಲ, ಒಂದೊಂದು ಕೋರಿನ ಓಟ ಎಷ್ಟು ಎಂದು ನೋಡಿದ. ಸಂಜೆಯ ಪೂಜೆ ಮುಗಿಯುವುದಕ್ಕೂ ಅವನು ಅಜ್ಜನೆದುರು ಹಾಜರಾಗುವುದಕ್ಕೂ ಸರಿಹೋಯಿತು.

“ಸಿಕ್ತ್ರಿ. ಇದೇ ತಿಂಗಳು ಬಂದಿದ್ದು. ಮಿಂಚು ಇದ್ದಂಗ ಐತಿ. ಆದ್ರ ನಮ್ಮ ಬೋರ್ಡಿನ ಮ್ಯಾಲ ಕೂಡಂಗಿಲ್ಲ. ಬೋರ್ಡೂ ಹೊಸಾದು ಬೇಕು.”

“ಬರೀ ಬೋರ್ಡು?”

“ಆ ಬೋರ್ಡಿಗೆ ನಮ್ಮ ರ‍್ಯಾಮ್ ಹೊಂದಂಗಿಲ್ಲ. ಅದೂ ಬೇಕು. ಮತ್ತ ಕರೆಂಟಿನ ಪೆಟ್ಟಿಗಿ ಬೇಕಾಗಬಹುದು. ಡಿಸ್ಕೂ ಹೆಂಗೂ ಹಳೇದಾಗೇತಿ.”

“ನಮ್ದು ಅಂತ ಏನ್ ಉಳೀತೈತಿ?”

ಮಾಲತೇಶ ಯೋಚಿಸಿದ. “ಡಬ್ಬಿರಿ.”

“ವಿಭೂತಿ?”

“ವಿಭೂತೀನೂ ಉಳೀತೈತ್ರಿ.”

ಅಜ್ಜ ಬಹಳ ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಕೇಳಿದರು. “ಈಗಿರೋ ಬೋರ್ಡಿನ ಮಣಿ ಮ್ಯಾಲ ಕೂರೂವಂಥ ಚುರುಕಿನಾವ ಒಬ್ಬಾವನೂ ಇಲ್ಲೇನು?”

ಮಾಲತೇಶ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದ. “ಒಬ್ಬಾವ ಅದಾನ್ರಿ. ಇದ ಬೋರ್ಡಿಗೆ ಮಾಡಿದ್ದರಾಗ ಎಲ್ಲಾಕಿಂತ ಚುರುಕು. ಆದ್ರ ಅವನೂ ಹಳೇಂವ. ಈಗ ಯಾರೂ ಕೇಳಂಗಿಲ್ಲ.”

“ನೀನೂ ಕೇಳಲಿಲ್ಲ.”

“ಹೆಸರು ಕಣ್ಣಿಗೆ ಬಿದ್ದಿತ್ರಿ. ಹಳೇದು ಅಂತ ದಾಟಿ ಹೋದೆ.”

“ನಾಳಿ ಹೋಗಿ ಕರಕೊಂಬಾ ಅವನ್ನ.”

ಮಾಲತೇಶ ಮೊದಲ ಬಸ್ಸಿಗೇ ಹುಬ್ಬಳ್ಳಿಗೆ ಹೋದ. ಹಳೆಯ ಕಂಪ್ಯೂಟರು ಬಿಚ್ಚಿ ಮಾರುವ ಅಂಗಡಿಯೊಂದರಲ್ಲಿ ಅದು ಸಿಕ್ಕಿತು. ಬಿಸ್ಕತ್ತಿಗಿಂತ ಚಿಕ್ಕದು. ಬಸ್ಸಿನಲ್ಲಿ ಅದನ್ನು ಅಂಗಿಯ ಜೇಬಿನಲ್ಲಿಟ್ಟು, ಮೇಲೆ ಕೈ ಇಟ್ಟುಕೊಂಡು, ಆಶ್ರಮ ಬರುವವರೆಗೆ ನಿದ್ದೆ ಮಾಡಲಿಲ್ಲ.

ಪುಣ್ಯಾರಾಧನೆಯ ದಿನ ಬಂತು. ಬೆಳಗಾಗುತ್ತಲೇ ಅವನು ಡಬ್ಬಿ ಬಿಚ್ಚಿದ. ಸುತ್ತ ಜನ ಮುತ್ತಿಕೊಂಡರು. ಹಳೆಯ ಪ್ರೊಸೆಸರನ್ನು ಎತ್ತಿ ಅಜ್ಜನ ಅಂಗೈಯಲ್ಲಿಟ್ಟ. ಹೊಸಬನನ್ನು ಮೂಲೆಯ ಗುರುತು ನೋಡಿ ಸಾಕೆಟ್ಟಿನಲ್ಲಿ ಕೂರಿಸಿದ. ಅದು ಒಂದಿಷ್ಟೂ ತಕರಾರಿಲ್ಲದೆ ಕೂತುಕೊಂಡಿತು. ಅದರ ನೆತ್ತಿಗೆ ಬಟಾಣಿ ಕಾಳಿನಷ್ಟು ಬಿಳಿ ಪೇಸ್ಟು ಹಚ್ಚಿದ.

“ವಿಭೂತಿ ಏನೋ?” ಎಂದಳು ಫಕೀರವ್ವ.

“ಕಾವು ಇಳಿಸಾಕ ಹಚ್ಚೂದವಾ.”

“ಮತ್ತ ವಿಭೂತಿನ ಅದು,” ಎಂದು ಅವಳು ತೀರ್ಮಾನಿಸಿದಳು.

ಕಂಪ್ಯೂಟರು ಎದ್ದಿತು. ಪ್ರೋಗ್ರಾಮು ಶುರುವಾಯಿತು. ಹಿಂದೆ ಬಸವನಹುಳುವಿನಂತೆ ತೆವಳುತ್ತಿದ್ದ, ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಈಗ ಕಣ್ಣೆದುರೇ ಸರಿಯತೊಡಗಿತು. ಯಂತ್ರ ಕಾಯೀತೆಂದು ಮಾಲತೇಶ ಹೆದರಿದ. ಫ್ಯಾನನ್ನು ಇನ್ನಷ್ಟು ಹತ್ತಿರ ಎಳೆದು ಜೋರು ಮಾಡಿದ.

ಪಟ್ಟಿ ಅರ್ಧ ದಾಟಿತು. ಫಕೀರವ್ವ ಅಡುಗೆಮನೆಯ ಮಿಕ್ಸರ್ ಬಂದ್ ಮಾಡಿ, ಚಟ್ನಿ ಒಳಕಲ್ಲಿನಲ್ಲಿ ರುಬ್ಬಿದಳು. ಮುಕ್ಕಾಲು ದಾಟಿತು. ಮೇಲಿನ ಬಲ್ಬು ಒಮ್ಮೆ ಕಣ್ಣು ಮಿಟುಕಿಸಿತು. ಎಲ್ಲರೂ ಕತ್ತೆತ್ತಿ ಅದನ್ನೇ ನೋಡಿದರು. ಬಲ್ಬು ಆರಲಿಲ್ಲ, ಪಟ್ಟಿ ಸರಿಯಿತು.

ಊಟದ ಗಂಟೆ ಬಾರಿಸುವ ಮೊದಲೇ ಕೆಲಸ ಮುಗಿಯಿತು.

“ಅಜ್ಜಾರ, ಬರ್ರಿ.” ಮಾಲತೇಶ ಅವರನ್ನು ಮೇಜಿನ ಬಳಿ ಕರೆತಂದ. ಸ್ಪೀಕರಿನ ದನಿ ಪೂರ್ತಿ ಏರಿಸಿದ.

ಮೊದಲು ಹುಡುಗನೊಬ್ಬನ ದನಿ ಬಂತು. ಮನಸ್ಸು ನಿಲ್ಲಬೇಕಾದ್ರ ಏನ್ ಮಾಡ್ಬೇಕ್ರಿ?

ನದಿಯ ಸದ್ದು ಇರಲಿಲ್ಲ. ಅದಿದ್ದ ಜಾಗದಲ್ಲಿ ಒಬ್ಬರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

ಅಜ್ಜ ಮೇಜು ಹಿಡಿದುಕೊಂಡರು. “ಅವರದ ದನಿ,” ಎಂದರು. ಅವರ ಕಣ್ಣು ತುಂಬಿತು. ಮರೆತೇ ಹೋಯಿತೆಂದು ದುಃಖಪಟ್ಟಿದ್ದ ದನಿ ಅದು.

ದೊಡ್ಡಜ್ಜನ ಮಾತು ಬಂತು. ಮೆಲ್ಲನೆಯ, ಸ್ವಲ್ಪವೂ ಸಿಟ್ಟಿಲ್ಲದ ದನಿ.

“ಮೊದಲ ಆ ಫ್ಯಾನ್ ಬಂದ್ ಮಾಡೋ ತಮ್ಮಾ. ಆಮ್ಯಾಲ ಹೇಳ್ತೀನಿ.”

ಅಷ್ಟೇ. ಆಮೇಲೆ ದೊಡ್ಡಜ್ಜ ಮಾತಾಡಲಿಲ್ಲ. ಬಹಳ ಹೊತ್ತು ಸುಮ್ಮನೆ ಕಾದಂತಿತ್ತು. ಕೊನೆಗೆ ಟಕ್ ಎಂದು ಟೇಪು ಮುಗಿಯಿತು.

ವರದೆಯ ಸದ್ದಿಗೆ ಕೈಮುಗಿಯುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಫಕೀರವ್ವ ಮೆಲ್ಲಗೆ ತಿರುಗಿ, ದೊಡ್ಡಜ್ಜನ ಕೋಣೆಯಿಂದ ತಂದಿದ್ದ ಆ ಕಬ್ಬಿಣದ ಫ್ಯಾನನ್ನು ನೋಡಿದಳು. ಅದು ಗೊಂಯ್ ಎನ್ನುತ್ತ ಇತ್ತ ಬಂತು, ಅತ್ತ ಹೋಯಿತು.

ಮಾಲತೇಶ ಮತ್ತೆ ಮತ್ತೆ ಗುಂಡಿ ಒತ್ತಿದ. “ಮುಂದ ಏನೂ ಇಲ್ರಿ ಅಜ್ಜಾರ. ಇಷ್ಟೆಲ್ಲಾ ಮಾಡಿದ್ರೂ ಉತ್ತರ ಇಲ್ಲ.” ಅವನಿಗೆ ಅಳುವೇ ಬಂದುಬಿಟ್ಟಿತು.

ಅಜ್ಜ ನಗುತ್ತಿದ್ದರು. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿದ್ದರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕು ನಕ್ಕು ಸಾಕಾಗಿ ನೆಲದ ಮೇಲೆ ಕೂತು, ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿಕೊಂಡರು. ಫ್ಯಾನಿನ ಕಡೆ ಕೈ ತೋರಿಸಿದರು.

“ಅವರು ಹೇಳಿ ಐವತ್ತು ವರ್ಷ ಆತೋ ಮಾಲತೇಶ. ಈಗಾದ್ರೂ ಬಂದ್ ಮಾಡು.”