ನ್ಯೂಟ್ರಲ್ಲಿಗೆ ಬಾರದ ಫಟಫಟಿ

ಬರ್ರಿ, ಹತ್ತಿರ ಬಂದು ಕೂಡ್ರಿ. ಕಾಲು ಚಾಚಿದರೂ ನಡೀತದ. ಒಬ್ಬನ ಎದೆ ಡವಡವ ಅಂದ ಕಥೆ ಇದು, ನಿಂತು ಕೇಳಬಾರದು.

ಹೊಳೆಯ ದಂಡೆಗೆ ಒಂದು ಮಠ. ಮಠದಲ್ಲಿ ಹುಚ್ಚಯ್ಯಜ್ಜಾರು. ಕಾವಿ ಉಡುವುದಕ್ಕಿಂತ ಮೊದಲು ಅವರು ಲಾರಿ ರಿಪೇರಿ ಮಾಡುತ್ತಿದ್ದರು. ಶಿಷ್ಯ ಅಡಿವೆಪ್ಪ. ಮಠದ ಹಳೇ ಫಟಫಟಿ, ಅಂದರೆ ಮೋಟರ್ ಸೈಕಲ್ಲು, ಓಡಿಸುವುದು ಅವನ ಸೇವೆ. ಅವನ ಅಪ್ಪನಿಗಿಂತ ವಯಸ್ಸಾದ ಗಾಡಿ ಅದು.

ಅಡಿವೆಪ್ಪನಿಗೆ ಒಬ್ಬಳೇ ತಂಗಿ, ಗುರವ್ವ. ತುಂಬು ಬಸುರಿ. ಚೊಚ್ಚಲ ಹೆರಿಗೆ ತವರಿನ ಪಾಲು, ಗೊತ್ತಲ್ಲ. ಅವ್ವ ಅಪ್ಪ ಮಣ್ಣಾಗಿದ್ದರು. ತವರು ಅಂದರೆ ಅಣ್ಣ, ಅಣ್ಣ ಅಂದರೆ ಆ ಗಾಡಿ. ದವಾಖಾನೆ ದಿಬ್ಬದ ಆಚೆ, ರೈಲು ಗೇಟು ದಾಟಿ.

ಒಂದು ಬೆಳಿಗ್ಗೆ ಅಡಿವೆಪ್ಪ ಗಾಡಿ ದೂಡಿಕೊಂಡು ಬಂದ. ಮುಖ ಬಿಳಿಚಿಕೊಂಡಿತ್ತು.

"ಏನಾತೋ ತಮ್ಮಾ?" ಅಂದರು ಅಜ್ಜಾರು.

"ಅಜ್ಜಾರ, ಗೇಟು ಹಾಕಿದ್ರು. ನಾ ನಿಂತೆ, ಗಾಡಿ ನಿಲ್ಲಲಿಲ್ಲ. ಕ್ಲಚ್ ಪೂರಾ ಹಿಡದೀನಿ, ಆದ್ರೂ ಮುಂದ ಮುಂದ ಜಗ್ಗತದ. ನ್ಯೂಟ್ರಲ್ ಹುಡುಕಿ ಹುಡುಕಿ ಕಾಲು ಸೋತು ಹೋತು. ಬ್ರೇಕ್ ಒತ್ತಿ ಇಂಜಿನ್ ಸಾಯೂದರಾಗ ಮುಂದಿನ ಗಾಲಿ ಗೇಟಿನ ಕೆಳಗ ಹೋಗಿತ್ತು. ರೈಲು ಮೂಗಿನ ಮುಂದ ಹಾದು ಹೋತರಿ."

"ಮೂಗು ಅದ ಅಲ್ಲ?"

"ನಗಬ್ಯಾಡ್ರಿ ಅಜ್ಜಾರ. ಹಿಂದ ಗುರವ್ವ ಕೂತಿದ್ರ?"

ಅಜ್ಜಾರು ನಗುವುದನ್ನು ಬಿಟ್ಟರು. "ಮುಚ್ಚಳ ಬಿಚ್ಚು," ಅಂದರು.

ಅಡಿವೆಪ್ಪ ಎಣ್ಣೆ ಇಳಿಸಿ ಕ್ಲಚ್ಚಿನ ಮುಚ್ಚಳ ಬಿಚ್ಚಿದ. ಒಳಗೆ ರೊಟ್ಟಿ ಒಟ್ಟಿದ ಹಾಗೆ ಪ್ಲೇಟುಗಳು. ಅವುಗಳ ಮೇಲೊಂದು ತಾಟು. ತಾಟನ್ನು ಒತ್ತಿ ಹಿಡಿಯಲು ಸುತ್ತಲೂ ಸ್ಪ್ರಿಂಗು. ಕ್ಲಚ್ ಹಿಡಿದರೆ ತಾಟು ಮೇಲೇಳಬೇಕು, ಪ್ಲೇಟುಗಳು ಒಂದನ್ನೊಂದು ಬಿಡಬೇಕು. ಅಷ್ಟೇ ಅದರ ಸಂಸಾರ.

"ಕ್ಲಚ್ ಹಿಡಿ. ಕಿಕ್ ಒತ್ತು. ತಾಟು ನೋಡು."

ತಾಟು ತಿರುಗಿತು. ಕುಡಿದವನು ಸಂತೆಯಿಂದ ಮನೆಗೆ ಬರುವ ಹಾಗೆ, ವಾಲಿಕೊಂಡು ತಿರುಗಿತು.

"ಒಂದು ಕಡೆ ಏಳತದ, ಇನ್ನೊಂದು ಕಡೆ ಏಳವೊಲ್ದು," ಅಂದ ಅಡಿವೆಪ್ಪ.

ಅಜ್ಜಾರು ಏಳದ ಕಡೆಯ ಸ್ಪ್ರಿಂಗಿನ ಮೇಲೆ ಬೆರಳಿಟ್ಟರು. "ಇದನ್ನ ಇಷ್ಟು ಬಿಗಿ ಮಾಡಿದಾವ ಯಾರು?"

"ನಾನರೀ. ದಿಬ್ಬ ಹತ್ತೂ ಮುಂದ ಒಮ್ಮೆ ಕ್ಲಚ್ ಜಾರಿತ್ತು. ಇಂಜಿನ್ ಒದರತಿತ್ತು, ಗಾಡಿ ಏರವೊಲ್ದು."

"ಇದನ್ನ?"

"ಅದನ್ನೂ ನಾನ. ಗುರವ್ವ ಹೆರಿಗಿಗೆ ಬಂದ ದಿನ."

"ಮತ್ತ ಇದು?"

"ಕನಸು ಬಿದ್ದಿತ್ತರಿ."

"ಕನಸು ಬಿದ್ರ ದೇವರಿಗೆ ಕಾಯಿ ಒಡೀತಾರ. ನೀ ಸ್ಪ್ರಿಂಗ್ ತಿರುವಿದಿ."

ಅಜ್ಜಾರು ಸ್ಕ್ರೂಡ್ರೈವರನ್ನು ಅವನ ಕೈಗೆ ಕೊಟ್ಟರು.

"ಎಲ್ಲೆಲ್ಲಿ ಅಂಜಿದ್ದಿ, ಅಲ್ಲಲ್ಲಿ ಸಡ್ಲ ಮಾಡು."

ಅಡಿವೆಪ್ಪ ಸಡಿಲಿಸಿದ, ಕಿಕ್ ಒತ್ತಿದ, ನೋಡಿದ. ಮತ್ತೆ ಸಡಿಲಿಸಿದ. ಅಂಗಳದ ಬಿಸಿಲು ಗೋಡೆ ಏರುವ ಹೊತ್ತಿಗೆ ತಾಟು ನೆಟ್ಟಗೆ ಎದ್ದಿತು. ನಿದ್ದೆ ಹೋದ ಬುಗುರಿಯ ಹಾಗೆ ಅಲುಗದೆ ತಿರುಗಿತು.

ಮುಚ್ಚಳ ಹಾಕಿ, ಎಣ್ಣೆ ಹೊಯ್ದು, ಗಾಡಿ ಚಾಲೂ ಮಾಡಿ, ಗೇರಿಗೆ ಹಾಕಿ ಕ್ಲಚ್ ಹಿಡಿದ. ಗಾಡಿ ಕದಲಲಿಲ್ಲ. ಕಾಲು ಸೋಕಿದ್ದೇ ತಡ, ನ್ಯೂಟ್ರಲ್ ತಾನೇ ಬಂದು ಕೂತಿತು.

ಅವನ ಎದೆ ಮಾತ್ರ ಕೂಡಲಿಲ್ಲ.

ಮರುದಿನ ನಸುಕಿಗೇ ಗುರವ್ವನಿಗೆ ನೋವು ಕಾಣಿಸಿತು. ನೆರೆಮನೆಯಾಕೆಯ ಕೈ ಹಿಡಿದು ಮಠಕ್ಕೆ ಬಂದಳು. ಬಂದು ನೋಡಿದರೆ, ಅಡಿವೆಪ್ಪ ಮತ್ತೆ ಅದೇ ಮುಚ್ಚಳದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾನೆ!

"ಯಣ್ಣಾ, ನಿನ್ನ ರಿಪೇರಿ ಮುಗಿಯೂ ತನಕ ಕೂಸು ಕಾಯಂಗಿಲ್ಲೋ!"

"ಅರ್ಧ ಸುತ್ತು, ತಂಗಿ. ಅರ್ಧ ಸುತ್ತು ಬಿಗಿ ಮಾಡಿ ಬಿಡತೀನಿ. ದಿಬ್ಬದಾಗ ಜಾರಿದ್ರ?"

ಮುಚ್ಚಳದ ಮೊದಲ ತಿರುಪಿಗೆ ಸ್ಕ್ರೂಡ್ರೈವರ್ ಹಚ್ಚಿದ.

ಅಜ್ಜಾರು ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡರು. ಕಾವಿಯ ಚುಂಗಿಗೆ ಚೆನ್ನಾಗಿ ಒರೆಸಿದರು. ಒಳಗಿನಿಂದ ಬೆಲ್ಲದ ಪೆಂಟೆ ತಂದು, ಆ ಸ್ಕ್ರೂಡ್ರೈವರಿನಿಂದಲೇ ಒಡೆದು, ಒಂದು ಚೂರು ಗುರವ್ವನ ಬಾಯಿಗೆ ಹಾಕಿದರು. ಉಳಿದ ಬೆಲ್ಲದ ಜೊತೆ ಸ್ಕ್ರೂಡ್ರೈವರನ್ನೂ ಗಡಿಗೆಯಲ್ಲಿಟ್ಟು ಮುಚ್ಚಿದರು.

"ಅಜ್ಜಾರ! ಹಾದ್ಯಾಗ ಜಾರಿದ್ರ ಹೆಂಗ ಬಿಗಿ ಮಾಡ್ಲಿ?"

"ಕೂಸಿಗೂ ಒಂದು ಚೂರು ಇಟ್ಟಿರತೀನಿ. ನಡಿ."

ದಿಬ್ಬದ ಬುಡದಲ್ಲಿ ಅಡಿವೆಪ್ಪ ಉಸಿರು ಬಿಗಿಹಿಡಿದ. ಗಾಡಿ ಮುಲುಗುತ್ತ ಏರಿತು, ಜಾರಲಿಲ್ಲ. ಗೇಟು ಹಾಕಿತ್ತು. ನಿಲ್ಲಿಸಿದ. ರೈಲು ಧಡಧಡ ಅನ್ನುತ್ತ ಹಾಯುತ್ತಲೇ ಇತ್ತು, ಮುಗಿಯಲೇ ಒಲ್ಲದು. ಹಿಂದೆ ಗುರವ್ವ ನೋವಿಗೆ ಅವನ ಭುಜಕ್ಕೆ ಉಗುರು ಊರಿದ್ದಳು. ಗಾಡಿ ಮಾತ್ರ ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ನಿಂತಿತ್ತು.

ಗುರವ್ವ ಹೆಣ್ಣು ಹಡೆದಳು. ಮುಂದೆ ಇನ್ನೂ ಎರಡು ಹಡೆದಳು, ಎರಡಕ್ಕೂ ಬಸ್ಸಿನಲ್ಲೇ ಹೋದಳು. "ಅಣ್ಣನ ನಡುಕಕ್ಕಿಂತ ಬಸ್ಸಿನ ಕುಲುಕಾಟ ಎಷ್ಟೋ ಪಾಡು," ಅನ್ನುತ್ತಿದ್ದಳು. ಆ ಚೊಚ್ಚಲ ಹುಡುಗಿ ಬೆಳೆದು ಫಟಫಟಿಗೆ ಒಡತಿಯಾದಳು, ಯಾರ ಮಾತೂ ಕೇಳದೆ ಓಡಿಸಿದಳು. ಅಡಿವೆಪ್ಪ ಸಂತೆಯೂರಿನಲ್ಲಿ ಗ್ಯಾರೇಜ್ ಹಾಕಿದ. ಅಂಜಿಕೆ ಪೂರಾ ಬಿಟ್ಟಿತು ಅಂದರೆ ಸುಳ್ಳಾಗುತ್ತದೆ.

ಅಜ್ಜಾರು ಹಾಸಿಗೆ ಹಿಡಿದರು. ಅಡಿವೆಪ್ಪ ಬಂದು ಅವರ ಕಾಲೊತ್ತುತ್ತ ಕೂತ. ಅಷ್ಟು ವರ್ಷ ಎದೆಯಲ್ಲಿದ್ದುದನ್ನು ಆಗ ಕೇಳಿದ.

"ಅಜ್ಜಾರ, ಅವತ್ತು ದಿಬ್ಬದಾಗ ಜಾರಿಬಿಟ್ಟಿದ್ರ ನಾ ಏನ್ ಮಾಡತಿದ್ದೆ?"

ಅಜ್ಜಾರು ಕಣ್ಣು ತೆರೆದರು.

"ಇಳದು ದಬ್ಬತಿದ್ದಿ. ಅಣ್ಣ ಹೌದಲ್ಲೋ ನೀ?"