ನಿಂತ ಕಾಲಿನ ಅಳತೆ

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜನ ಅಜ್ಜಂಗೂ ಹಾಲುಹಲ್ಲು ಹುಟ್ಟಿರದ ಕಾಲದಲ್ಲಿ, ಕಡಲ ದಂಡೇಲಿ ಒಂದು ರಾಜ್ಯ ಇತ್ತಂತೆ, ಅದಕ್ಕೆ ವೀರಮಲ್ಲ ಅಂತ ಒಬ್ಬ ದೊರೆ ಇದ್ದನಂತೆ. ಒಳ್ಳೆಯವನೇ, ಆದರೆ ಸ್ವಲ್ಪ ಹಮ್ಮು ಜಾಸ್ತಿ. ಯಾರು ಬಂದರೂ ಸಿಂಹಾಸನದಿಂದ ಏಳ್ತಿರಲಿಲ್ಲವಂತೆ. ಅವರಪ್ಪ ಎದ್ದಿರಲಿಲ್ಲ, ಅವರಜ್ಜ ಎದ್ದಿರಲಿಲ್ಲ, ಅದಕ್ಕೆ ಇವನೂ ಏಳಲ್ಲ. ಕಣ್ಣು ಮುಚ್ಕೊಂಡೇ ಕೇಳು ಪುಟ್ಟಿ, ಕಾಲು ಒದರಬೇಡ.

ಆ ದೊರೆಗೆ ಕಡಲಾಚೆ ಆಫ್ರಿಕಾದಲ್ಲಿ ಒಬ್ಬ ಗೆಳೆಯ ಇದ್ದನಂತೆ, ಅಲ್ಲಿನ ಒಂದು ಸೀಮೆಗೆ ಅವನು ನಾಯಕ. ಅವನು ಹಡಗಿನೋರ ಕೈಲಿ ಹೇಳಿ ಕಳಿಸಿದನಂತೆ, ನಮ್ಮ ಕಡೆ ಒಂದು ಸಿಂಹ ದನಗಳನ್ನ ತಿಂದು ತಿಂದು ಕೊಬ್ಬಿದೆ, ಬೇಟೆಗೆ ಬಾ, ಆದರೆ ಕುದುರೆ ತರಬೇಡ, ಇಲ್ಲಿ ಒಂದು ಥರದ ನೊಣ ಇದೆ, ಅದು ಕಚ್ಚಿದರೆ ಕುದುರೆ ಉಳಿಯಲ್ಲ, ದಿನಗಟ್ಟಲೆ ನಡ್ಕೊಂಡೇ ಹೋಗಬೇಕು, ನೆಲ ಎಲ್ಲ ಮುಳ್ಳು, ಕಾಲಿಗೆ ಒಳ್ಳೇ ಜೋಡು ಮಾಡಿಸ್ಕೊಂಡು ಬಾ ಅಂತ.

ಆ ಊರಲ್ಲಿ ಜೋಡು ಹೊಲಿಯೋದು ಅಂದರೆ ಮಂಚಯ್ಯ. ಅವನಿಗೆ ಹೆಂಡತಿ ತೀರ್ಕೊಂಡಿದ್ದಳು, ದೇವೀರಿ ಅಂತ ಒಬ್ಬಳೇ ಮಗಳು, ಅಪ್ಪನ ಪಕ್ಕ ಕೂತು ದಾರಕ್ಕೆ ಮೇಣ ತಿಕ್ಕುತ್ತಾ ಬೆಳೆದೋಳು. ಮಂಚಯ್ಯನ್ನ ಅರಮನೆ ಒಳಗೆ ಬಿಡ್ತಿರಲಿಲ್ಲವಂತೆ. ಅವನು ಹೆಬ್ಬಾಗಿಲಿಂದ ಆಚೆ ನಿಂತಿರಬೇಕು, ಒಳಗೆ ದೊರೆ ಬೆಳಿಗ್ಗೆ ಸ್ನಾನ ಮುಗಿಸಿ ಸಿಂಹಾಸನದ ಮೇಲೆ ಕೂತು ಬೆಳ್ಳಿ ಮಣೆ ಮೇಲೆ ಕಾಲಿಟ್ಟರೆ, ಮಂತ್ರಿ ಒಂದು ದಾರದಲ್ಲಿ ಅಳೆದು ಗಂಟು ಹಾಕೋನು, ಆಮೇಲೆ ಆ ದಾರ ಆಚೆ ಬರೋದು. ಯಾಕೆ ಬಿಡ್ತಿರಲಿಲ್ಲ ಅಂತ ಕೇಳ್ತೀಯ? ಕಾಲಿಗೆ ಅವನು ಹೊಲಿದದ್ದು ಬೇಕು, ಅವನು ಬೇಡ, ದೊಡ್ಡೋರು ಅನ್ನಿಸ್ಕೊಂಡೋರ ಬುದ್ಧಿ ಅದು. ಪಾಪ ಮಂಚಯ್ಯ, ಆ ದಾರ ಇಟ್ಕೊಂಡೇ ಕೆಲಸ ಶುರು ಮಾಡಿದನಂತೆ.

ಮೊದಲನೇ ಜೋಡಿಗೆ ಒಳಗೆ ಮಖಮಲ್ಲು, ಮೇಲೆ ಜರಿ. ದೊರೆ ಅದನ್ನ ಹಾಕ್ಕೊಂಡು ಊರ ಹಿಂದಿನ ಗುಡ್ಡ ಹತ್ತಿ ನೋಡೋಣ ಅಂತ ಹೊರಟನಂತೆ, ಅರ್ಧ ಗುಡ್ಡಕ್ಕೆ ಹಿಮ್ಮಡಿ ಸಿಪ್ಪೆ ಎದ್ದು ಪಲ್ಲಕ್ಕೀಲಿ ವಾಪಸ್ ಬಂದನಂತೆ. ಆಮೇಲೆ ಎರಡನೇ ಜೋಡು, ದಪ್ಪ ಎಮ್ಮೆ ಚರ್ಮದ್ದು, ಅಡಿಗೆ ಕಬ್ಬಿಣದ ಮೊಳೆ. ಅದನ್ನ ಹಾಕ್ಕೊಂಡು ಗುಡ್ಡದ ತುದಿಗೇನೋ ಹೋದನಂತೆ, ಇಳಿಯೋವಾಗ ಹೆಬ್ಬೆರಳು ಮುಂದಕ್ಕೆ ಒತ್ತಿ ಒತ್ತಿ ಉಗುರು ಕಪ್ಪಾಗಿಹೋಯ್ತಂತೆ. ದೊರೆಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂರನೇ ಜೋಡು ಇಲ್ಲಿ ಕಚ್ಚಲಿ ಆಫ್ರಿಕಾದಲ್ಲಿ ಕಚ್ಚಲಿ, ಅಪ್ಪ ಮಗಳು ಗಂಟುಮೂಟೆ ಕಟ್ಕೊಂಡು ರಾಜ್ಯ ಬಿಟ್ಟು ಹೋಗಬೇಕು ಅಂತ ಅಪ್ಪಣೆ ಮಾಡಿಬಿಟ್ಟನಂತೆ.

ಮಂಚಯ್ಯ ಊಟ ಬಿಟ್ಟನಂತೆ. ಮೂವತ್ತು ವರ್ಷ ಹೊಲಿದ ಕೈ, ಈಗ ಯಾಕೆ ತಪ್ತಿದೆ ಅಂತ ಅಂಗೈ ನೋಡ್ಕೊಂಡು ಕೂತುಬಿಟ್ಟನಂತೆ. ಅಪ್ಪ ಹಂಗೆ ಕೂತಿದ್ದು ನೋಡಿ ದೇವೀರಿಗೆ ತಡ್ಕೊಳ್ಳೋಕಾಗಲಿಲ್ಲ. ಹುಟ್ಟಿದ ಮನೆ ಅದು, ಅಮ್ಮ ಬಾಳಿದ ಮನೆ ಅದು, ಅದನ್ನ ಬಿಟ್ಟು ಎಲ್ಲಿಗೆ ಹೋಗೋದು? ಸಂಜೆ ಕೆರೆಯಿಂದ ನೀರು ಹೊತ್ಕೊಂಡು ಬಂದು ಜಗುಲಿ ಮೇಲೆ ಕೂತಳಂತೆ. ಕಾಲಿನ ಕಡಗ ಬಿಗೀತಾ ಇತ್ತು. ಬೆಳಿಗ್ಗೆ ಗಲಗಲ ಅಂತ ಓಡಾಡ್ತಿದ್ದ ಕಡಗ ಈಗ ಯಾಕೆ ಬಿಗೀತಿದೆ ಅಂತ ಯೋಚನೆ ಮಾಡಿದಳಂತೆ, ಆಮೇಲೆ ಎದ್ದು ನಿಂತು ನೋಡಿದಳಂತೆ, ಪಾದ ಇನ್ನೂ ಅಗಲ ಆಯ್ತಂತೆ. ಆಗ ಗೊತ್ತಾಯ್ತು ಅವಳಿಗೆ. ಅಪ್ಪನ ಕೈ ತಪ್ಪಿರಲಿಲ್ಲ, ಬೆಳಿಗ್ಗೆ ಹೊತ್ತು ಕೂತ ಕಾಲಿಗೆ ಹಿಡಿದು ಆಚೆಗೆ ಕಳಿಸಿದ ದಾರ ತಪ್ಪಿತ್ತು.

ಮಾರನೇ ದಿನ ನೆಟ್ಟಗೆ ಹೆಬ್ಬಾಗಿಲಿಗೆ ಹೋದಳಂತೆ. ಮಂತ್ರಿ ಬಂದು ನಡಿ ನಡಿ ಅಂತ ಗದರಿಸಿದನಂತೆ, ಇವಳು ಕದಲಲಿಲ್ಲವಂತೆ. ಕಾಲಿಗೆ ಬಟ್ಟೆ ಸುತ್ಕೊಂಡು ಉಪ್ಪರಿಗೇಲಿ ಕೂತಿದ್ದ ದೊರೆ, ಏನದು ಗಲಾಟೆ ಅಂತ ಕೇಳಿದನಂತೆ. ದೇವೀರಿ ಕತ್ತೆತ್ತಿ ಹೇಳಿದಳಂತೆ:

“ಕೂತ್ಕೊಂಡೇ ಬೇಟೆ ಆಡೋದಾದರೆ ಮೊದಲನೇ ಜೋಡೇ ಸಾಕು ಬುದ್ಧಿ. ನಡೀಬೇಕು ಅಂದರೆ ನೀವು ಎದ್ದು ನಿಲ್ಲಬೇಕು, ನಮ್ಮಪ್ಪ ನಿಮ್ಮ ಕಾಲು ನೋಡಬೇಕು.”

ಮಂತ್ರಿ ಬೆವತುಹೋದನಂತೆ. ದೊರೆ ಕಾಲಿನ ಬಟ್ಟೆ ಸರಿಸಿ ತನ್ನ ಕಪ್ಪು ಉಗುರು ನೋಡ್ಕೊಂಡನಂತೆ. ಆಮೇಲೆ, ಎಲ್ಲಿಗೆ ಬರಬೇಕು ಅಂತ ಮೆತ್ತಗೆ ಕೇಳಿದನಂತೆ.

ದೇವೀರಿ ಮೂರು ಮಾತು ಹೇಳಿದಳಂತೆ. ಗಾಯ ಒಣಗಿದ ಮೇಲೆ ಒಂದು ದಿನ ಪೂರ್ತಿ ನಡೆದು, ಸಂಜೆಗೆ ಬರಿಗಾಲಲ್ಲಿ ನಮ್ಮ ಮನೆಗೆ ಬರಬೇಕು. ಅಲ್ಲಿ ಹಸಿ ಜೇಡಿಮಣ್ಣಿನ ಮೇಲೆ ಭಾರ ಬಿಟ್ಟು ನಿಲ್ಲಬೇಕು. ಮೂರನೇದು, ಜೋಡು ಆದ ಮೇಲೆ ಹಡಗು ಹತ್ತೋಕೆ ಮುಂಚೆ ಮೂರು ವಾರ ಅದನ್ನ ಹಾಕ್ಕೊಂಡೇ ಓಡಾಡಬೇಕು. ದೊರೆ ಬಂದನಂತೆ. ಬೀದಿ ಜನ ಎಲ್ಲ ಬಾಗಿಲ ಸಂದೀಲಿ ಇಣುಕಿ ನೋಡಿದರಂತೆ. ಮಣ್ಣಿನ ಮೇಲೆ ನಿಂತು ಪಕ್ಕಕ್ಕೆ ಸರಿದರೆ, ಎಡಗಾಲಿನ ಗುರುತು ಬಲಗಾಲಿಗಿಂತ ಅರ್ಧ ಬೆರಳು ಉದ್ದ ಇತ್ತಂತೆ.

ನನ್ನ ಕಾಲು ಹೀಗಿದೆ ಅಂತ ಇಷ್ಟು ವರ್ಷ ಒಬ್ಬರೂ ಹೇಳಲಿಲ್ಲವಲ್ಲ ಅಂದನಂತೆ ದೊರೆ. ಮಂಚಯ್ಯ ಮಣ್ಣಿಂದ ಕಣ್ಣೆತ್ತದೆ, ಯಾರೂ ಸರಿಯಾಗಿ ನೋಡಿರಲಿಲ್ಲ ಬುದ್ಧಿ, ಎಲ್ಲರ ಕಾಲೂ ಹಿಂಗೇ ಇರೋದು ಅಂದನಂತೆ.

ಆಮೇಲೆ ಅಪ್ಪ ಮಗಳು ಕೂತು ಹೊಲಿದರಂತೆ. ಜರಿ ಇಲ್ಲ, ಮೊಳೆ ಇಲ್ಲ, ಮೇಲೆ ಮೆತ್ತನೆ ಮೇಕೆ ಚರ್ಮ, ಅಡಿ ಮುಳ್ಳು ಹೋಗದಷ್ಟು ದಪ್ಪ, ಬೆರಳು ಆಡೋಕೆ ಜಾಗ, ಎಡದ್ದು ಬೇರೆ ಅಳತೆ, ಬಲದ್ದು ಬೇರೆ ಅಳತೆ. ಚರ್ಮ ಮೆತ್ತಗಾಗಲಿ ಅಂತ ಜೋಡಿಗೆ ಮೂರು ದಿನ ಹರಳೆಣ್ಣೆ ಕುಡಿಸಿದರಂತೆ. ನೋಡೋಕೆ ಚೆನ್ನಾಗೇನೂ ಇರಲಿಲ್ಲ, ಸೋರೆಬುರುಡೆ ಥರ ಇದೆ ಅಂತ ಆಸ್ಥಾನದೋರು ಮುಸಿಮುಸಿ ನಕ್ಕರಂತೆ. ದೊರೆ ಹತ್ತಿನೂಲಿನ ಕಾಲ್ಚೀಲ ಏರಿಸಿ, ಅದನ್ನ ಹಾಕ್ಕೊಂಡು ಮೂರು ವಾರ ಅರಮನೆ ತುಂಬಾ ಓಡಾಡಿ, ಹಡಗು ಹತ್ತಿ ಹೊರಟುಹೋದನಂತೆ.

ಇಲ್ಲಿ ಕಚ್ಚಲಿಲ್ಲ ಸರಿ, ಅಲ್ಲಿ ಕಚ್ಚಿದರೆ? ಆರು ತಿಂಗಳು ಮಂಚಯ್ಯಂಗೆ ಅದೇ ಯೋಚನೆ. ಉಳಿ, ಕತ್ತಿ, ಎರಡು ಪಾತ್ರೆ ಗಂಟು ಕಟ್ಟಿ ಬಾಗಿಲ ಹತ್ರ ಇಟ್ಕೊಂಡಿದ್ದನಂತೆ. ದೇವೀರಿ ದಿನಾ ಅದನ್ನ ಬಿಚ್ಚೋಳು, ಅಪ್ಪ ಮತ್ತೆ ಕಟ್ಟೋನು.

ಏನು, ಸಿಂಹ? ಇನ್ನೂ ನಿದ್ದೆ ಬರಲಿಲ್ವ ನಿಂಗೆ? ಸಿಕ್ತಂತೆ ಸಿಕ್ತಂತೆ, ಮೂರು ದಿನ ಮುಳ್ಳುಕಾಡಲ್ಲಿ ನಡೆದ ಮೇಲೆ ಸಿಕ್ತಂತೆ, ನಾಯಕನ ಭರ್ಜಿಯೂ ದೊರೆ ಬಾಣವೂ ಒಟ್ಟಿಗೇ ನೆಟ್ಟವಂತೆ, ದನ ಕಾಯೋರೆಲ್ಲ ಕುಣಿದಾಡಿದರಂತೆ. ನೀನು ಮಲಕ್ಕೋ.

ಹಡಗು ವಾಪಸ್ ಬಂದ ದಿನವೇ ಸಿಪಾಯಿ ಬಂದು, ಅಪ್ಪ ಮಗಳು ಇಬ್ಬರೂ ದರ್ಬಾರಿಗೆ ಬರಬೇಕಂತೆ ಅಂದನಂತೆ. ಮಂಚಯ್ಯ ಗಂಟು ತಲೆ ಮೇಲೆ ಹೊತ್ಕೊಂಡನಂತೆ. ದೇವೀರಿ ಬಾಗಿಲು ಹಾಕ್ಕೊಂಡು, ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ಕೊಂಡು, ಹಿಂದೆ ಹೋದಳಂತೆ. ಹೆಬ್ಬಾಗಿಲಲ್ಲಿ ಯಾರೂ ತಡೀಲಿಲ್ಲ. ಒಳಗೆ ಹೋದರೆ ದೊರೆ ಗಂಭೀರವಾಗಿ ಕೂತಿದ್ದನಂತೆ, ಕಾಲಲ್ಲಿ ಅದೇ ಜೋಡು, ಅಡಿ ಸವೆದು ತೆಳ್ಳಗೆ ಹಪ್ಪಳ ಆಗಿತ್ತಂತೆ. ದೇವೀರಿ ಅಪ್ಪನ ತೋಳು ಹಿಡ್ಕೊಂಡಳಂತೆ.

“ಮಂಚಯ್ಯ, ಇದು ಸವೆದುಹೋಯ್ತು. ಒಂದು ಗುಳ್ಳೆ ಏಳಲಿಲ್ಲ. ಇನ್ನೊಂದು ಜೊತೆ ಬೇಕು, ಅಳತೆ ತಗೋ” ಅಂದನಂತೆ ದೊರೆ. ಅಂದು, ಸಿಂಹಾಸನದಿಂದ ಎದ್ದು ನಿಂತನಂತೆ.

ದೊರೆ ನಿಂತ ಮೇಲೆ ಉಳಿದೋರು ಕೂತಿರೋಕಾಗುತ್ತಾ? ಮಂತ್ರಿ ಎದ್ದ, ಸೇನಾಪತಿ ಎದ್ದ, ಇಡೀ ದರ್ಬಾರು ಎದ್ದು ನಿಂತಿತಂತೆ. ಮಂಚಯ್ಯ ಗಂಟು ಕೆಳಗಿಳಿಸಿ, ಕಣ್ಣು ಒರೆಸ್ಕೊಂಡು, ಮೊದಲು ಎಡಗಾಲು ಅಳೆದನಂತೆ, ಆಮೇಲೆ ಬಲಗಾಲು. ಆಮೇಲೆ ಯಾಕೋ ಅನುಮಾನ ಬಂದಂಗೆ ಮತ್ತೆ ಎಡಗಾಲು ಅಳೆದನಂತೆ. ಮಂತ್ರಿ ಸೊಂಟ ಹಿಡ್ಕೊಂಡು ನಿಂತೇ ಇದ್ದನಂತೆ. ಮಂಚಯ್ಯಂಗೆ ಏನೂ ಅವಸರ ಇರಲಿಲ್ಲವಂತೆ.

ಅವರು ಅಲ್ಲಿ ಅಳೀತಿರಲಿ, ನಮ್ಮ ಪುಟ್ಟಿ ಇಲ್ಲಿ ಮಲಗಲಿ, ಕತೆ ಇಲ್ಲಿಗೆ ಮುಗೀತು.